ನಲವತ್ತೆಂಟು ಕೆಜಿ, ಮುನ್ನೂರೈವತ್ತು ಗ್ರಾಂ

"ನಿಮ್ಮ ಈ ಯಂತ್ರ ಸುಳ್ಳು ಹೇಳ್ತಿದೆ."

ಅವಳು ತಲೆ ಎತ್ತಿ ನೋಡಿದಳು. ಟ್ರಾವೆಲ್ಸ್ ಆಫೀಸಿನ ಬಾಗಿಲ ಪಕ್ಕದಲ್ಲಿ, ಗಿರಾಕಿಗಳ ಸೂಟ್‌ಕೇಸ್ ತೂಗಲೆಂದು ಇಟ್ಟಿದ್ದ ತೂಕದ ಯಂತ್ರದ ಮೇಲೆ ಒಬ್ಬ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಮೂರು ಸಣ್ಣ ಸ್ಕ್ರೂಡ್ರೈವರ್.

"ಏನಂದ್ರಿ?"

"ಸುಳ್ಳು ಹೇಳ್ತಿದೆ ಅಂದೆ. ಎಂಟುನೂರು ಗ್ರಾಂ ಜಾಸ್ತಿ ತೋರಿಸ್ತಿದೆ."

ಬೆಳಗಿನಿಂದ ನಾಲ್ಕು ಗಿರಾಕಿಗಳ ಹತ್ತಿರ ಬೈಸಿಕೊಂಡಿದ್ದಳು ಅವಳು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ಇಲ್ಲಿಗೆ ಬರೋರೆಲ್ಲ ಅದನ್ನೇ ಹೇಳೋದು! ನಿಮ್ಮ ತೂಕ ಜಾಸ್ತಿ ಬಂದ್ರೆ ಪಾಪ, ಯಂತ್ರ ಏನ್ ಮಾಡುತ್ತೆ?"

ಎದುರು ಮೇಜಿನ ವೀಸಾ ಗುಮಾಸ್ತ ಕಿಸಕ್ಕನೆ ನಕ್ಕ. ದಪ್ಪ ಗಾಜಿನಿಂದಾಗಿ ಆಫೀಸಿನಲ್ಲಿ ಅವನಿಗೆ ಕನ್ನಡಕ ಎಂದೇ ಹೆಸರು.

ಬಂದವನು ಸಿಟ್ಟಾಗಲಿಲ್ಲ. ನೆಲಕ್ಕೆ ಮಂಡಿಯೂರಿ, ಯಂತ್ರವನ್ನು ಮಗುವಿನ ಹಾಗೆ ಮಗುಚಿ, ಎರಡು ತಿರುಪು ತಿರುಗಿಸಿದ. ಮತ್ತೆ ನೆಟ್ಟಗೆ ಇಟ್ಟು ಎದ್ದು ನಿಂತ.

"ಈಗ ನಿಂತು ನೋಡಿ. ಗಾಬರಿ ಬೇಡ, ನಾನು ಆ ಕಡೆ ತಿರುಗಿರ್ತೀನಿ."

ನಿಜವಾಗಿಯೂ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ!

ಅವಳು ಚಪ್ಪಲಿ ಬಿಟ್ಟು ಹತ್ತಿದಳು. ಅರವತ್ತೆರಡು. ನಿನ್ನೆ ಅರವತ್ತಮೂರರ ಹತ್ತಿರ ಇತ್ತು. ಯಾರೋ ದಾರಿಹೋಕ ಬಂದು ತನ್ನ ಮೈಯಿಂದ ಎಂಟುನೂರು ಗ್ರಾಂ ಇಳಿಸಿಬಿಟ್ಟನಲ್ಲ... ಅವಳಿಗೆ ನಗು ಬಂತು. ಅವನ ಬೆನ್ನು ಇನ್ನೂ ಗೋಡೆಗೆ ಮರ್ಯಾದೆ ಕೊಡುವಂತೆ ನೆಟ್ಟಗೆ ನಿಂತಿತ್ತು.

ಎದೆಯಲ್ಲಿ ಏನೋ ಮೆಲ್ಲಗೆ ಸರಿದಂತಾಯಿತು.

ಒಳಗಿನಿಂದ ಮಾಲೀಕರು ಬಂದರು. "ಓಹೋ, ಬಂದ್ರಾ? ನೋಡಮ್ಮಾ, ಇವರು ತಕ್ಕಡಿ ಕಂಪನಿಯವರು. ಟೊಂಗಾ ದೇಶಕ್ಕೆ ಹೋಗ್ತಿದಾರೆ, ನಾಲ್ಕು ತಿಂಗಳು. ದೊಡ್ಡ ವಿಮಾನ, ವೀಸಾ ಎಲ್ಲ ನಾನು ನೋಡ್ಕೋತೀನಿ. ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗೋ ಚಿಕ್ಕ ವಿಮಾನ, ರೂಮು, ದಿನದಿನದ ಪ್ಲಾನು... ಅದು ನಿನ್ನ ಪಾಲಿಂದು."

*

ಅವಳು ಜನ್ಮದಲ್ಲಿ ವಿಮಾನ ಹತ್ತಿದವಳಲ್ಲ. ಆದರೆ ಏಳು ವರ್ಷದಿಂದ ಜನರನ್ನು ದೂರದೂರಕ್ಕೆ ಕಳಿಸಿ, ದೇಶಗಳೆಲ್ಲ ಅವಳಿಗೆ ಪಕ್ಕದ ಬೀದಿಯಂತೆ ಆಗಿದ್ದವು. ಯಾವ ಊರಿನಲ್ಲಿ ಯಾವ ಹೊತ್ತಿಗೆ ಬಸ್ಸು, ಯಾವ ಹೋಟೆಲಿನಲ್ಲಿ ಬಿಸಿನೀರು ಬರುವುದಿಲ್ಲ, ಎಲ್ಲ ಬಾಯಿಪಾಠ.

ಅವನು ಕೆಲಸ ಮುಗಿಸಿ ಸಂಜೆ ಐದೂವರೆಗೆ ಬರುತ್ತಿದ್ದ. ಮೇಜಿನ ಮೇಲೆ ಅವಳು ನಕ್ಷೆ ಹರಡುತ್ತಿದ್ದಳು. ಇಡೀ ಪೆಸಿಫಿಕ್ ಸಾಗರದ ನೀಲಿಯ ಮೇಲೆ ಯಾರೋ ಕೈಜಾರಿ ಸಾಸಿವೆ ಚೆಲ್ಲಿದಂತೆ ಟೊಂಗಾದ ದ್ವೀಪಗಳು.

"ಅಲ್ಲಿ ನಿಮಗೇನು ಕೆಲಸ?"

"ವೆನಿಲಾ ಬೆಳೀತಾರೆ. ಒಣಗಿದ ಕೋಡನ್ನ ಗ್ರಾಂ ಲೆಕ್ಕದಲ್ಲಿ ಮಾರ್ತಾರೆ. ತಕ್ಕಡಿ ಸ್ವಲ್ಪ ತಪ್ಪಿದ್ರೂ ಬೆಳೆದವರ ಹೊಟ್ಟೆ ಮೇಲೆ ಹೊಡೆತ. ಹೊಸ ತಕ್ಕಡಿ ಕೂರಿಸಿ, ಪರೀಕ್ಷೆ ಮಾಡಿ, ಸೀಲ್ ಹಾಕಿ ಬರಬೇಕು."

"ಭಾನುವಾರ ಮಾತ್ರ ಏನೂ ಇಟ್ಕೋಬೇಡಿ. ಆ ದಿನ ಇಡೀ ದೇಶಕ್ಕೇ ಬಾಗಿಲು. ಅಂಗಡಿ ಇಲ್ಲ, ವಿಮಾನ ಇಲ್ಲ. ಪ್ರಾರ್ಥನೆ, ಊಟ, ನಿದ್ದೆ."

"ಒಳ್ಳೇ ದೇಶ."

"ತಿಮಿಂಗಿಲ ಬರೋ ಕಾಲಕ್ಕೇ ಹೋಗ್ತಿದೀರ ನೀವು. ಮರಿ ಹಾಕೋಕೆ ಬರ್ತವಂತೆ. ದಡದಲ್ಲಿ ನಿಂತ್ರೂ ಕಾಣುತ್ತಂತೆ!"

ಹೇಳುವಾಗ ಅವಳ ಕಣ್ಣು ಅರಳುತ್ತಿತ್ತು. ಅವನು ನಕ್ಷೆ ನೋಡುವ ನೆಪದಲ್ಲಿ ಆ ಕಣ್ಣು ನೋಡುತ್ತಿದ್ದ. ಎರಡು ದಿನದಲ್ಲಿ ಮುಗಿಯುವ ಪ್ಲಾನು ಮೂರನೇ ವಾರಕ್ಕೆ ಬಂದರೂ ಮುಗಿಯಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ.

ಮೂರನೇ ವಾರದ ಒಂದು ಸಂಜೆ ಅವನು ಒಂದು ಫಾರಂ ತುಂಬಿ ತಂದ.

ಅದು ಚಿಕ್ಕ ವಿಮಾನದ್ದು. ಹತ್ತೊಂಬತ್ತೇ ಸೀಟಿನ ವಿಮಾನ, ಹತ್ತುವವರ ಮೈತೂಕವನ್ನೂ ಮೊದಲೇ ಬರೆದು ಕೊಡಬೇಕು. ಅವಳು ಹಾಳೆ ಬಿಡಿಸಿದಳು.

ಸೀಟು ಎರಡು.

ಒಂದು: ಎಪ್ಪತ್ತೊಂದು ಕೆಜಿ ಇನ್ನೂರು ಗ್ರಾಂ.

ಇನ್ನೊಂದು: ನಲವತ್ತೆಂಟು ಕೆಜಿ ಮುನ್ನೂರೈವತ್ತು ಗ್ರಾಂ. ಹೆಸರಿನ ಜಾಗ ಖಾಲಿ.

'ಎರಡು ಸೀಟಾ? ನಲವತ್ತೆಂಟು ಕೆಜಿಯವಳು ಯಾರು ಇವಳು? ಗ್ರಾಮಿನವರೆಗೆ ಗೊತ್ತಿದೆಯಲ್ಲ ಇವನಿಗೆ! ಹತ್ತಿಸಿ ತೂಗದೆ ಹೀಗೆ ಗೊತ್ತಾಗುತ್ತದೆಯೇ? ನನ್ನ ಸರದಿ ಬಂದಾಗ ಗೋಡೆ ಕಡೆ ತಿರುಗಿ ನಿಂತ ಸಾಧು... ಅವಳ ಸರದಿಯಲ್ಲಿ ಕಣ್ಣು ಬಿಟ್ಟುಕೊಂಡೇ ನಿಂತಿದ್ದನೋ!'

"ಎರಡೂ ಪಕ್ಕಪಕ್ಕವೇ ಇರಬೇಕು. ಅದು ಮುಖ್ಯ," ಎಂದ ಅವನು.

"ಹೂಂ." ಅವಳ ದನಿ ಒಣಗಿತ್ತು. "ರೂಮು? ಎರಡು ಮಾಡ್ಲಾ?"

"ಒಂದೇ ಸಾಕು. ಬಾಗಿಲಿಗೆ ಒಳ್ಳೇ ಬೀಗ ಇರಬೇಕು."

"ಸಮುದ್ರ ಕಾಣೋ ರೂಮಿದೆ. ಕಿಟಕಿ ತೆಗೆದ್ರೆ ಗಾಳಿ..."

"ಬೇಡ ಬೇಡ! ಉಪ್ಪುಗಾಳಿ ತಾಗಲೇಬಾರದು. ಬಿಸಿಲೂ ಬೀಳಬಾರದು. ಹಿಂಭಾಗದ ರೂಮು ಕೊಡಿಸಿ, ಎಸಿ ಒಂದೇ ಸಮ ಇರೋ ಥರದ್ದು."

'ಅಬ್ಬಬ್ಬಾ! ಗಾಳಿ ತಾಗಿದರೆ ಕರಗಿಹೋಗುತ್ತಾಳೇನೋ ಮಹಾರಾಣಿ!'

"ತುಂಬಾ ಜೋಪಾನ ಮಾಡ್ತೀರ," ಎಂದಳು, ಪೆನ್ನಿನ ಮುಚ್ಚಳ ಕಚ್ಚುತ್ತಾ.

ಅವನು ನಾಚಿಕೊಂಡಂತೆ ನಕ್ಕ. "ಮಾಡಬೇಕಲ್ವಾ? ಹನ್ನೊಂದು ವರ್ಷ ಆಯ್ತು. ನನ್ನ ಕಣ್ಣೆದುರಿಂದ ಆಚೆ ಕಳಿಸಿದವನಲ್ಲ."

ಹನ್ನೊಂದು ವರ್ಷ!

ಆ ಸಂಜೆ ಅವಳು ನಕ್ಷೆಯನ್ನು ಎಷ್ಟು ಒರಟಾಗಿ ಮಡಿಸಿದಳೆಂದರೆ ಪೆಸಿಫಿಕ್ ಸಾಗರ ನಡುವೆ ಹರಿದುಹೋಯಿತು.

*

ಹದಿನಾಲ್ಕು ಕೆಜಿ. ಅವಳಿಗೂ ಆ ಕಾಣದವಳಿಗೂ ನಡುವೆ ಇದ್ದದ್ದು ಹದಿನಾಲ್ಕು ಕೆಜಿ. ಒಂದು ತುಂಬಿದ ಸೂಟ್‌ಕೇಸಿನಷ್ಟು.

ಮರುದಿನದಿಂದ ಅವಳು ಮಧ್ಯಾಹ್ನದ ಊಟ ಬಿಟ್ಟಳು. ಅಕ್ಕ ಕಟ್ಟಿಕೊಟ್ಟ ಡಬ್ಬಿಯನ್ನು ವಾಪಸು ತಂದರೆ ಮನೆಯಲ್ಲಿ ರಂಪವಾಗುತ್ತದೆಂದು ದಿನವೂ ಕನ್ನಡಕದವನ ಮೇಜಿನ ಮೇಲೆ ಇಡತೊಡಗಿದಳು. ಅವನೋ, ಕೇಳದೆ ಬಂದ ಭಾಗ್ಯ ಎಂದು ತಳ ಕಾಣುವವರೆಗೆ ಉಂಡು, ತೊಳೆದೂ ಕೊಡುತ್ತಿದ್ದ.

ಮನೆಯಲ್ಲಿ ಅಕ್ಕ ಮುಖ ನೋಡಿದಳು.

"ಏನೇ ಇದು? ಕೆನ್ನೆ ಒಳಗೆ ಹೋಗಿದೆ. ಜ್ವರವಾ?"

"ಏನಿಲ್ಲಕ್ಕಾ."

"ಯಾರವನು?"

"ಅಕ್ಕಾ!"

"ಜ್ವರ ಅಲ್ಲ ಅಂದ್ಮೇಲೆ ಇನ್ನೇನಿರುತ್ತೆ? ಹೇಳು."

ಏನೆಂದು ಹೇಳುವುದು? ಅವನು ತನಗೆ ಯಾವ ಮಾತೂ ಕೊಟ್ಟಿರಲಿಲ್ಲ. ಸಂಜೆ ಐದೂವರೆಗೆ ಬಾಗಿಲು ಕಿರ್ ಎಂದಾಗ ತನ್ನ ಎದೆ ಹಾರುತ್ತದೆ, ಅಷ್ಟೇ. ಅದಕ್ಕೆ ಅವನನ್ನು ದೂರಲಾಗುತ್ತದೆಯೇ?

ದೂರಲಾಗುವುದಿಲ್ಲ ಎಂದು ಗೊತ್ತಿದ್ದೂ ಹೊಟ್ಟೆಯಲ್ಲಿ ಕೆಂಡ ಉರಿಯುತ್ತಿತ್ತು. ರಸ್ತೆಯಲ್ಲಿ ತೆಳ್ಳಗಿನ ಹೆಂಗಸು ಯಾರು ಕಂಡರೂ ಮನಸ್ಸಿನಲ್ಲೇ ತೂಗಿಬಿಡುತ್ತಿದ್ದಳು. ಇವಳೋ? ಅಲ್ಲ, ಇವಳು ಐವತ್ತಕ್ಕಿಂತ ಹೆಚ್ಚು. ಬ್ಯಾಂಕಿನ ಹೊರಗೆ ನಿಂತಿದ್ದ ಆ ಹಸಿರು ಬಟ್ಟೆಯವಳೋ? ಇರಬಹುದು... ಸರಿಯಾಗಿ ನಲವತ್ತೆಂಟು!

ಒಂದು ಬುಧವಾರ ಅವನು ಮಧ್ಯಾಹ್ನವೇ ಬಂದ. ಅವಳು ಆಗಷ್ಟೇ ಡಬ್ಬಿಯನ್ನು ಕನ್ನಡಕದವನ ಮುಂದೆ ಇಡುತ್ತಿದ್ದಳು.

"ಇವತ್ತು ಏನು ಮೇಡಂ ಸ್ಪೆಷಲ್ಲು?" ಎಂದು ಕನ್ನಡಕದವನು ಮುಚ್ಚಳ ತೆಗೆದ.

"ಬಾಯಿ ಮುಚ್ಕೊಂಡು ಉಣ್ಣು," ಎಂದು ಅವಳು ನಕ್ಕು ತಿರುಗಿದರೆ ಬಾಗಿಲಲ್ಲಿ ಅವನು.

ಆ ದಿನ ಐದೇ ನಿಮಿಷ ಕೂತ. ನಕ್ಷೆ ಬಿಡಿಸಲಿಲ್ಲ. "ಸರಿ ಮೇಡಂ, ಉಳಿದದ್ದು ನೀವೇ ನೋಡಿ ಮಾಡಿ," ಎಂದು ಎದ್ದುಬಿಟ್ಟ. ಆಮೇಲೆ ಸಂಜೆಗಳಲ್ಲಿ ಬರುವುದೇ ನಿಂತಿತು.

'ಹೊರಡೋ ದಿನ ಹತ್ತಿರ ಬಂತಲ್ಲ. ಅವಳ ಜೊತೆ ಅಂಗಡಿ ಸುತ್ತುತ್ತಿರಬೇಕು...'

ಮರುವಾರದ ಶುಕ್ರವಾರ ಅವಳು ಚಿಕ್ಕ ವಿಮಾನದವರಿಗೆ ಸೀಟಿನ ವಿವರ ಕಳಿಸಲು ಕೂತಳು. ಪಕ್ಕಪಕ್ಕ ಇರಬೇಕು, ಅದು ಮುಖ್ಯ. ಅವನ ಮಾತು ಕಿವಿಯಲ್ಲೇ ಇತ್ತು.

ಅವಳ ಕಣ್ಣ ಮುಂದೆ ಬಂತು ಆ ಪುಟ್ಟ ವಿಮಾನ. ಕೆಳಗೆ ನೀಲಿ ನೀರು, ನೀರಿನಲ್ಲಿ ತಾಯಿ ತಿಮಿಂಗಿಲ, ಮರಿ. "ಅಲ್ನೋಡು!" ಎಂದು ಅವನು ಯಾರಿಗೋ ತೋರಿಸುತ್ತಾನೆ. ಇಷ್ಟು ದಿನ ತಾನು ಓದಿ ಓದಿ ಅವನಿಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳುತ್ತಾನೆ...

ಬೆರಳು ತಾನಾಗಿ ನಡೆಯಿತು. ಒಂದು ಸೀಟು ಎರಡನೇ ಸಾಲು. ಇನ್ನೊಂದು ಎಂಟನೇ ಸಾಲು.

'ಕೂತ್ಕೊಳ್ಳಲಿ ಒಬ್ಬಳೇ ಹಿಂದೆ!'

ಒಂದು ಗಂಟೆಯಲ್ಲಿ ಖಚಿತವಾದ ಉತ್ತರ ಬಂತು. ಅರ್ಧ ನಿಮಿಷ ಖುಷಿಯಾಯಿತು. ಆಮೇಲೆ ರಾತ್ರಿಯ ಊಟವೂ ಸೇರಲಿಲ್ಲ.

*

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಕಾಗದಪತ್ರ ಒಯ್ಯಲು ಬಂದ. ಮರುದಿನವೇ ಪ್ರಯಾಣ. ಚಕ್ರವಿದ್ದ ಒಂದು ಮರದ ಪೆಟ್ಟಿಗೆಯನ್ನು ಹಿಂದೆ ಎಳೆದುಕೊಂಡು ಬಂದಿದ್ದ. ದೊಡ್ಡದೇನಲ್ಲ, ಆದರೆ ಹೊಸ್ತಿಲು ದಾಟಿಸಲು ಕನ್ನಡಕದವನೂ ಕೈಕೊಡಬೇಕಾಯಿತು.

"ಓಹೋ! ಎರಡನೇ ಸೀಟಿನ ಯಜಮಾನರು ಬಂದ್ರು!" ಎಂದು ಮಾಲೀಕರು ಗಟ್ಟಿಯಾಗಿ ನಕ್ಕರು. "ತೆಗೀರಿ ತೆಗೀರಿ, ನಾವೂ ನೋಡೋಣ."

ಅವಳಿಗೆ ಅರ್ಥವಾಗಲಿಲ್ಲ.

ಅವನು ಜೇಬಿನಿಂದ ಬಿಳಿ ಕೈಗವುಸು ತೆಗೆದು ಹಾಕಿಕೊಂಡು ಮುಚ್ಚಳ ಎತ್ತಿದ. ಒಳಗೆ ಕೆಂಪು ಮಖಮಲ್ಲು. ಅದರಲ್ಲಿ ಗುಳಿ ಮಾಡಿ ಕೂರಿಸಿದ ತೂಕದ ಬಟ್ಟುಗಳು. ಇಪ್ಪತ್ತು ಕೆಜಿಯದರಿಂದ ಹಿಡಿದು ಉಗುರಿನಷ್ಟು ಸಣ್ಣದರವರೆಗೆ, ಕನ್ನಡಿಯಂತೆ ಹೊಳೆಯುತ್ತಿದ್ದವು.

"ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. ಬೆರಳಿನ ಜಿಡ್ಡು ಅಂಟಿದ್ರೂ ತೂಕ ಬದಲಾಗುತ್ತೆ," ಎಂದು ಅವನು ಮಾಲೀಕರಿಗೆ ಹೇಳುತ್ತಿದ್ದ. "ಎಲ್ಲ ತಕ್ಕಡಿಗೂ ಇವೇ ಗುರು. ಲಗೇಜಿನಲ್ಲಿ ಎಸೆದಾಡಿದ್ರೆ ಮುಗೀತು. ಅದಕ್ಕೇ ಸೀಟು."

ಪೆಟ್ಟಿಗೆಯ ಬದಿಗೆ ಹಿತ್ತಾಳೆ ಪಟ್ಟಿಯ ಮೇಲೆ ಕೊರೆದಿತ್ತು. ಒಟ್ಟು ತೂಕ: ನಲವತ್ತೆಂಟು ಕೆಜಿ, ಮುನ್ನೂರೈವತ್ತು ಗ್ರಾಂ.

ಉಪ್ಪುಗಾಳಿ... ಬೀಗ... ಒಂದೇ ರೂಮು... ಹನ್ನೊಂದು ವರ್ಷ... ಅಯ್ಯೋ ದೇವರೇ! ಇಪ್ಪತ್ತು ದಿನ ತಾನು ಉಪವಾಸ ಬಿದ್ದದ್ದು ಒಂದು ಪೆಟ್ಟಿಗೆಯ ಮೇಲಿನ ಹೊಟ್ಟೆಕಿಚ್ಚಿಗೆ!

"ನಿನಗೆ ಹೇಳಿದ್ನಲ್ಲಮ್ಮಾ?" ಎಂದು ಮಾಲೀಕರು ಅವಳ ಮುಖ ನೋಡಿ ತಲೆ ಕೆರೆದುಕೊಂಡರು. "ಹೇಳಿಲ್ವಾ? ಅಯ್ಯೋ, ಮರೆತೇಬಿಟ್ಟೆ ಅನ್ಸುತ್ತೆ."

ಅಷ್ಟರಲ್ಲಿ ಅವನು ಸೀಟಿನ ಕಾಗದ ಓದಿದ್ದ. ಮುಖದ ಬಣ್ಣ ಇಳಿಯಿತು.

"ಎರಡು... ಎಂಟು... ಇದೇನು ಮೇಡಂ? ಪೆಟ್ಟಿಗೆ ಜೊತೆಯವನ ಪಕ್ಕದಲ್ಲೇ ಇಲ್ಲದಿದ್ರೆ ಅವರು ಸೀಟಿಗೆ ಕಟ್ಟೋಕೆ ಬಿಡಲ್ಲ. ಕೆಳಗೆ ಲಗೇಜಿಗೆ ಹಾಕ್ತಾರೆ. ಹಾಕಿದ್ರೆ ಇವುಗಳ ಸರ್ಟಿಫಿಕೇಟು ರದ್ದು. ನಾನು ಅಲ್ಲಿಗೆ ಹೋಗೋದೇ ದಂಡ."

"ಕಂಪ್ಯೂಟರ್ ತಪ್ಪಿರಬೇಕು ಬಿಡಿ," ಎಂದರು ಮಾಲೀಕರು, ಮರೆವಿನ ನಾಚಿಕೆಯಲ್ಲಿ.

ತಪ್ಪಿಸಿಕೊಳ್ಳಲು ಬಾಗಿಲು ತೆರೆದಿತ್ತು. 'ಹೌದು ಸರ್, ಕಂಪ್ಯೂಟರ್' ಎಂದರೆ ಸಾಕಿತ್ತು. ಆದರೆ ಮೊದಲ ದಿನ ಗೋಡೆಯ ಕಡೆ ತಿರುಗಿ ನಿಂತವನಿಗೆ ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಕಂಪ್ಯೂಟರ್ ತಪ್ಪಲ್ಲ. ನಾನೇ... ಬೇಕಂತ ಮಾಡಿದ್ದು."

ಅವನು ಕಾಗದ ಕೆಳಗಿಟ್ಟ.

"ಬೇಕಂತ?"

ಅವಳು ತಲೆ ತಗ್ಗಿಸಿದಳು. ಯಾಕೆ ಎಂದು ಹೇಳಲು ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ.

ಅವನು ನಿಧಾನವಾಗಿ ಪೆಟ್ಟಿಗೆ ಮುಚ್ಚಿದ. ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ತಕ್ಕಡಿ ತಪ್ಪು ತೋರಿಸಿದ್ರೆ ನಾನು ಸರಿ ಮಾಡ್ತೀನಿ ಮೇಡಂ. ತಟ್ಟೆಗೆ ಬೆರಳು ಒತ್ತಿ ತೂಗೋರನ್ನ... ನನಗೆ ಸರಿ ಮಾಡೋಕೆ ಬರಲ್ಲ."

ಪೆಟ್ಟಿಗೆಯ ಚಕ್ರದ ಸದ್ದು ಬೀದಿಯಲ್ಲಿ ಕರಗಿತು.

ಮಾಲೀಕರ ಸಿಟ್ಟು ಆಗ ಹೊರಬಂತು. "ಏನಮ್ಮಾ ಹೀಗ್ಮಾಡಿದೆ! ಅವನ ಕೆಲಸವೇ ಹೋಗುತ್ತಲ್ಲ! ಮಂಗಳವಾರದ ಆ ವಿಮಾನದ ಪಟ್ಟಿ ಅಲ್ಲಿ ಶನಿವಾರ ಸಂಜೆಗೇ ಮುಚ್ಚುತ್ತೆ!"

ಅಲ್ಲಿ ನಮಗಿಂತ ಎಷ್ಟೋ ಮೊದಲೇ ಬೆಳಗಾಗುತ್ತದೆ, ಮೊದಲೇ ಸಂಜೆಯಾಗುತ್ತದೆ. ಅವಳು ಗೋಡೆಯ ಗಡಿಯಾರ ನೋಡಿ ಲೆಕ್ಕ ಹಾಕಿದಳು. ಅಲ್ಲಿ ಈಗಲೇ ಸಂಜೆ! ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ಹಾಕಿದರೆ ನಾಳೆ ಭಾನುವಾರ, ದೇಶವೇ ಮಲಗಿರುತ್ತದೆ.

ಫೋನ್ ಎತ್ತಿದಳು. ಮೊದಲ ಸಲ ರಿಂಗಾಗಿ ನಿಂತಿತು. ಎರಡನೇ ಸಲವೂ. ಮೂರನೇ ಸಲ, ಇನ್ನೇನು ಕಡಿದುಹೋಗಬೇಕು ಎನ್ನುವಾಗ ಒಬ್ಬ ಹೆಂಗಸಿನ ದನಿ.

"ಬಾಗಿಲು ಹಾಕ್ತಿದೀವಿ. ಸೋಮವಾರ ಮಾಡಿ," ಎಂದಿತು ಆ ಕಡೆ.

"ಅಕ್ಕಾ, ಇಡಬೇಡಿ!" ಗಾಬರಿಯಲ್ಲಿ ಕನ್ನಡವೇ ಬಂದುಬಿಟ್ಟಿತು. ಆಮೇಲೆ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು. ಪೆಟ್ಟಿಗೆ, ನಲವತ್ತೆಂಟು ಕೆಜಿ, ಊಟ ಬಿಟ್ಟದ್ದು, ಎಂಟನೇ ಸಾಲು. ಯಾವುದನ್ನೂ ಮುಚ್ಚಿಡಲಿಲ್ಲ.

ಸಾಗರದಾಚೆ ಆ ಹೆಂಗಸು ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿದ್ದವರಿಗೆ ತನ್ನ ಭಾಷೆಯಲ್ಲಿ ಹೇಳಿ ಅವರನ್ನೂ ನಗಿಸಿದಳು. ಮತ್ತೆ ಒಂದೆರಡು ಪ್ರಶ್ನೆ ಕೇಳಿದಳು. ಕೊನೆಗೆ ಕಂಪ್ಯೂಟರಿನ ಕೀಲಿಗಳ ಟಕಟಕ ಸದ್ದು.

ಹತ್ತು ನಿಮಿಷದಲ್ಲಿ ಹೊಸ ಕಾಗದ ಬಂತು. ಎರಡನೇ ಸಾಲು. ಪಕ್ಕಪಕ್ಕ.

*

ಅವನ ಕೆಲಸದ ಕೋಣೆ ಎರಡು ಬೀದಿ ಆಚೆ. ಗೋಡೆಯುದ್ದಕ್ಕೂ ಮೊಳೆಗೆ ತೂಗುಹಾಕಿದ ತಕ್ಕಡಿಗಳು, ಕಪಾಟಿನಲ್ಲಿ ಬಿಚ್ಚಿಟ್ಟ ಯಂತ್ರಗಳು, ಎಣ್ಣೆಯ ವಾಸನೆ. ಅವನು ಬೆನ್ನು ತಿರುಗಿಸಿ ಸುಮ್ಮನೆ ಕೂತಿದ್ದ. ಪೆಟ್ಟಿಗೆ ಪಕ್ಕದಲ್ಲೇ ಇತ್ತು.

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು.

"ಸರಿ ಮಾಡಿದೀನಿ. ನೋಡ್ಕೊಳ್ಳಿ."

ಅವನು ಎರಡು ಸಲ ಓದಿದ. ಉಸಿರು ಬಿಟ್ಟ. "ಥ್ಯಾಂಕ್ಸ್ ಮೇಡಂ."

"ಥ್ಯಾಂಕ್ಸ್ ಬೇಡ. ಯಾಕೆ ಮಾಡಿದೆ ಅಂತ ಕೇಳಿ."

"...ಯಾಕೆ?"

"ಆ ಸೀಟಲ್ಲಿ ಒಬ್ಬಳು ಹೆಂಗಸು ಕೂರ್ತಾಳೆ ಅಂದ್ಕೊಂಡೆ! ನಲವತ್ತೆಂಟು ಕೆಜಿಯವಳು. ಅವಳ ಪಕ್ಕ ನೀವು ಕೂರೋದು... ನನ್ನ ಕೈಲಿ ನೋಡೋಕಾಗ್ಲಿಲ್ಲ. ಅಲ್ಲಿ ಬಂದು ನೋಡ್ತಿರಲೂ ಇಲ್ಲ ನಾನು, ಆದ್ರೂ ಆಗ್ಲಿಲ್ಲ." ಕಣ್ಣು ತುಂಬಿ ಬಂತು. "ಬೆರಳು ಒತ್ತಿದ್ದು ಹೌದು. ಇನ್ನೇನು ಹೇಳ್ತೀರೋ ಹೇಳಿ. ಕೇಳಿಸ್ಕೊಂಡು ಹೋಗ್ತೀನಿ."

ಅವನು ಅವಳನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ.

"ಇದರ ಮೇಲೆ?"

"ಹೂಂ."

"ಮತ್ತೆ... ಆ ಕನ್ನಡಕದವರು?"

"ಯಾವ ಕನ್ನಡಕದವನು? ಅವನ ವಿಷ್ಯ ಯಾಕೀಗ?"

"ದಿನಾ ಊಟ ತಂದು ಕೊಡ್ತೀರಂತಲ್ಲ. ನಾನೂ ಒಂದಿನ ಕಣ್ಣಾರೆ ನೋಡಿದೆ. ನಕ್ಕೊಂಡು ಕೊಡ್ತಿದ್ರಿ."

ಅವಳು ಪೆಟ್ಟಿಗೆಯ ಕಡೆ ಕೈ ಚಾಚಿದಳು.

"ಅದು ನನ್ನ ಊಟ! ನಾನು ತೆಳ್ಳಗಾಗೋಕೆ ಬಿಟ್ಟಿದ್ದು! ನಿಮ್ಮ ಈ... ಈ ಹಿತ್ತಾಳೆ ಸವತಿಗೆ ಸರಿಸಮ ಆಗೋಕೆ!"

ಅವನು ತಡೆಯಲು ನೋಡಿದ, ಆಗಲಿಲ್ಲ. ನಗು ಉಕ್ಕಿ ಬಂತು. ತಕ್ಕಡಿಗಳೆಲ್ಲ ಅಲುಗಾಡುವಷ್ಟು ನಕ್ಕ. ಕಣ್ಣೊರೆಸಿಕೊಂಡು ತಟ್ಟನೆ ಗಂಭೀರನಾದ.

"ಹತ್ತು ದಿನ ನಾನೂ ಸರಿಯಾಗಿ ಊಟ ಮಾಡಿಲ್ಲ. ಆ ಮನುಷ್ಯ ಡಬ್ಬಿ ಮುಚ್ಚಳ ತೆಗೆದಿದ್ದು ನೆನೆಸ್ಕೊಂಡ್ರೆ ಮೈ ಉರೀತಿತ್ತು. ಟೊಂಗಾದಲ್ಲೇ ಉಳಿದುಬಿಡೋಣ ಅನ್ನಿಸ್ತಿತ್ತು."

"ಕೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಅವನು ಒಂದು ಸ್ಟೂಲು ಎಳೆದು ಅವಳ ಕಡೆ ಸರಿಸಿದ.

"ಬೆಳಿಗ್ಗೆ ಕಂಪ್ಯೂಟರ್ ತಪ್ಪು ಅಂದಿದ್ರೆ ನಾನು ನಂಬ್ತಿದ್ದೆ," ಎಂದ ಅವನು ಮೆಲ್ಲಗೆ. "ನೀವು ಅನ್ನಲಿಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ. ಸಿಟ್ಟು ಮಾಡ್ಕೊಳ್ಳೋಕೆ ಎಷ್ಟು ಪ್ರಯತ್ನಪಟ್ಟೆ ಗೊತ್ತಾ? ನಿಲ್ಲಲೇ ಇಲ್ಲ ಅದು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಕಾಗದವನ್ನು ಮತ್ತೆ ನೋಡಿದ. "ಅಲ್ಲ, ಬಾಗಿಲು ಹಾಕೋ ಹೊತ್ತಲ್ಲಿ ಆಯಮ್ಮ ಹೇಗೆ ಒಪ್ಪಿದ್ರು? ಪಟ್ಟಿ ಮುಚ್ಚಿದ ಮೇಲೆ ತೆಗೆಯೋರಲ್ಲ ಅಂತಾರೆ."

ಅವಳ ಕೆನ್ನೆ ಕೆಂಪಾಯಿತು. "ಅವಳು... ಒಂದು ಮಾತು ಕೇಳಿದ್ಳು. ಈ ಮನುಷ್ಯ ನಿನಗೆ ಏನಾಗಬೇಕು ಅಂತ."

"ಏನಂದ್ರಿ?"

"ಗಿರಾಕಿ ಅಂದಿದ್ರೆ ಸೋಮವಾರ ನೋಡೋಣ ಅಂತಿದ್ಳು. ಅದಕ್ಕೇ... ಮದುವೆ ಆಗೋ ಹುಡುಗ ಅಂದುಬಿಟ್ಟೆ."

ಅವನು ಎದ್ದು ಹತ್ತಿರ ಬಂದ.

"ಸುಳ್ಳು ಹೇಳಿದ್ರಾ?"

"ಅದೊಂದೇ. ಬೇರೆ ಎಲ್ಲ ನಿಜ ಹೇಳಿದೆ."

"ನನಗೆ ಸುಳ್ಳು ಆಗಲ್ಲ."

"ಗೊತ್ತು..."

"ಹಾಗಿದ್ಮೇಲೆ ಅದನ್ನ ಹಾಗೇ ಬಿಡೋಕಾಗಲ್ಲ. ವಾಪಸ್ ಬಂದ ತಕ್ಷಣ ನಿಜ ಮಾಡಿಬಿಡಬೇಕು." ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. "ಮಾಡೋಣ್ವಾ? ನಿನ್ನ ಮನೆಯವರ ಹತ್ರ ಇವತ್ತೇ ಬಂದು ಮಾತಾಡ್ತೀನಿ."

'ನಿಮ್ಮ' ಹೋಗಿ 'ನಿನ್ನ' ಆದದ್ದು ಅವಳಿಗೆ ತಿಳಿಯಿತು. ತಲೆಯಾಡಿಸಿದಳು.

"ಬಾ. ಆದ್ರೆ ಒಂದು ಮಾತು."

"ಹೇಳು."

"ಆ ಫೋನಿನವಳು ನಾಲ್ಕು ತಿಂಗಳೂ ಅಲ್ಲೇ ಇರ್ತಾಳೆ. ದನಿ ಬೇರೆ ತುಂಬಾ ಚೆನ್ನಾಗಿದೆ. ಹುಡುಗ ನೋಡೋಕೆ ಹೇಗಿದಾನೆ ಅಂತ ಎರಡು ಸಲ ಕೇಳಿದ್ಳು."

"ಅಯ್ಯೋ! ಮತ್ತೆ ಶುರುವಾಯ್ತಾ?"

"ಆಗದೆ ಇರುತ್ತಾ?" ಅವಳು ಮೊದಲ ಸಲ ಅವನ ಕೈ ಹಿಡಿದಳು, ಬರಿಗೈಯಲ್ಲೇ. "ಇಷ್ಟು ದಿನ ಕದ್ದು ಹೊಟ್ಟೆಕಿಚ್ಚು ಪಟ್ಟೆ. ಇನ್ಮೇಲೆ ನನಗೆ ಹಕ್ಕಿದೆ."